ಹೂವಪ್ಪಣ್ಣ ಒರೆಸಿದ ಗ್ರೀಸ್

ಎರ್ಮಾಳಿನ ಕಡಲ ಬದಿಯ ಹಳೆಯ ಕಾಂಕ್ರೀಟು ರಸ್ತೆಯಲ್ಲಿ ಸ್ಲ್ಯಾಬುಗಳ ನಡುವಿನ ಪ್ರತಿ ಸಂದಿಗೂ ಒಂದು ಮೆಟ್ಟಿಲು. ಒಂದು ಸ್ಲ್ಯಾಬು ಕುಸಿದಿದ್ದರೆ ಪಕ್ಕದ್ದು ತಲೆಯೆತ್ತಿ ನಿಂತಿರುತ್ತಿತ್ತು. ಕಾಪು ಮಾರುಕಟ್ಟೆಗೆ ಮೀನು ಒಯ್ಯುತ್ತಿದ್ದ ಸರಸಕ್ಕನ ಸೊಂಟ ರಿಕ್ಷಾದಲ್ಲಿ ಕುಲುಕಿ ಕುಲುಕಿಯೇ ಹಾಳಾಯಿತು. ಈ ರಸ್ತೆಯಲ್ಲಿ ಇನ್ನು ಓಡಾಡಬೇಡಿ ಎಂದುಬಿಟ್ಟರು ಡಾಕ್ಟರು. ದಿನವಿಡೀ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ಹೆಂಡತಿ ಮನೆಯಲ್ಲಿ ಸುಮ್ಮನೆ ಕುಳಿತದ್ದು ನೋಡಿ, ಬೋಟಿನಲ್ಲಿ ಮೀನು ಹಿಡಿಯುವ ಹೂವಪ್ಪನಿಗೆ ಸಹಿಸಲಾಗಲಿಲ್ಲ.

ಹಾಗಾಗಿ ಹೊಸ ರಸ್ತೆಯ ಕೆಲಸ ಶುರುವಾದದ್ದೇ ತಡ, ಅವನು ಸಂಬಳವಿಲ್ಲದ ಮೇಸ್ತ್ರಿಯಾದ.

ಒಂದು ಮಧ್ಯಾಹ್ನ ನೋಡಿದರೆ, ಸಂದು ಬರುವ ಜಾಗದಲ್ಲಿ ನುಣುಪಾದ ಕಬ್ಬಿಣದ ಸರಳುಗಳನ್ನು ಸಾಲಾಗಿ ಇಟ್ಟಿದ್ದಾರೆ. ಪ್ರತಿ ಸರಳಿನ ಅರ್ಧಕ್ಕೆ ಗ್ರೀಸ್ ಬಳಿದಿದ್ದಾರೆ. ಹೂವಪ್ಪನ ತಲೆ ಬಿಸಿಯಾಯಿತು. ಗ್ರೀಸ್ ಹಚ್ಚಿದ ಕಬ್ಬಿಣವನ್ನು ಕಾಂಕ್ರೀಟು ಹಿಡಿಯುವುದುಂಟೇ? ಇದು ಗುತ್ತಿಗೆದಾರನ ಕಳ್ಳಾಟವೇ ಸರಿ. ಕೆಲಸದವರು ಊಟಕ್ಕೆ ಹೋದಾಗ, ಬೋಟಿನ ಇಂಜಿನ್ ಒರೆಸುವ ಬಟ್ಟೆ, ಸೀಮೆಎಣ್ಣೆ ತಂದು, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒಂದೊಂದು ಸರಳನ್ನೂ ತಿಕ್ಕಿ ತೊಳೆದ.

ಕಲ್ಯಾಣಪುರದಿಂದ ಬರುವ ಇಂಜಿನಿಯರ್ ಕ್ಯಾರಲ್ ಮೇಡಂ, ಫಳಫಳ ಹೊಳೆಯುವ ಸರಳುಗಳನ್ನು ಕಂಡು ಬಯ್ಯಲಿಲ್ಲ. ಇನ್ನೂ ಬಟ್ಟೆ ಹಿಡಿದುಕೊಂಡಿದ್ದ ಹೂವಪ್ಪನ ಪಕ್ಕದಲ್ಲೇ ಕುಳಿತರು.

"ಹೂವಪ್ಪಣ್ಣ, ಕಾಂಕ್ರೀಟು ಆ ಅರ್ಧವನ್ನು ಹಿಡಿಯಬಾರದು ಅಂತಲೇ ಗ್ರೀಸ್ ಹಚ್ಚಿದ್ದು. ಎರಡು ದೋಣಿ ಪಕ್ಕಪಕ್ಕ ಉಂಟು. ಒಂದರ ಅಂಚಿಗೆ ಕಾಲಿಟ್ಟರೆ ಎಂತ ಆಗುತ್ತದೆ?"

"ಅದು ತಗ್ಗುತ್ತದೆ. ಇನ್ನೊಂದು ಮೇಲೆಯೇ ಇರುತ್ತದೆ."

"ಎರಡಕ್ಕೂ ಅಡ್ಡ ಕಂಬ ಹಾಕಿದರೆ?"

"ಭಾರ ಎರಡಕ್ಕೂ ಹಂಚಿಹೋಗುತ್ತದೆ. ಆದರೆ ಮೇಡಂ, ಕಂಬದ ಒಂದು ತುದಿ ಜಾರುವ ಹಾಗೆ ಬಿಡಬೇಕು. ಎರಡೂ ಕಡೆ ಬಿಗಿದರೆ ಅಲೆಗೆ ಹಲಗೆ ಬಿರಿಯುತ್ತದೆ…" ಎನ್ನುತ್ತ ಕೈಯಲ್ಲಿದ್ದ ಬಟ್ಟೆಯನ್ನು ನೋಡಿಕೊಂಡ.

ಕ್ಯಾರಲ್ ನಕ್ಕರು. ಚಕ್ರ ಸಂದಿನ ಹತ್ತಿರ ಬಂದಾಗ ಈ ಸರಳುಗಳೇ ಭಾರವನ್ನು ಪಕ್ಕದ ಸ್ಲ್ಯಾಬಿಗೂ ದಾಟಿಸುತ್ತವೆ, ಆದ್ದರಿಂದ ಮೆಟ್ಟಿಲು ಏಳುವುದಿಲ್ಲ ಎಂದರು. ಬಿಸಿಲಿಗೆ ಹಿಗ್ಗುವ, ತಂಪಿಗೆ ಕುಗ್ಗುವ ಸ್ಲ್ಯಾಬಿಗೆ ಸರಿದಾಡಲು ಎಡೆಯಿಲ್ಲದಿದ್ದರೆ ಅದು ಬಿರುಕು ಬಿಡುತ್ತದಂತೆ. ಸಂದಿಗೆ ತುಂಬುವ ಕಪ್ಪು ಅಂಟು ಕಿತ್ತುಹೋದರೆ ನೀರಿಳಿದು ಅಡಿಯ ಮಣ್ಣು ಕೊಚ್ಚಿಹೋಗುತ್ತದಂತೆ.

ಹೂವಪ್ಪ ಮನೆಗೆ ಹೋಗಿ ತನ್ನ ಬೋಟಿನ ಗ್ರೀಸ್ ಡಬ್ಬವನ್ನೇ ತಂದ. ಬೇಡ, ನಮ್ಮದೇ ಉಂಟು ಎಂದು ಕ್ಯಾರಲ್ ಹೇಳಿದರು. ಬಳಿಯುವ ಕೆಲಸವನ್ನು ಮಾತ್ರ ಅವನಿಗೇ ಬಿಟ್ಟರು.

ರಸ್ತೆ ತೆರೆದ ಮೇಲೆ, ಡಾಕ್ಟರು ಒಪ್ಪಿದ ದಿನ, ಸರಸಕ್ಕ ಬಂಗುಡೆ ಮೀನಿನ ಬುಟ್ಟಿಯೊಡನೆ ರಿಕ್ಷಾ ಹತ್ತಿದಳು. ಸಂದು ಬಂದಾಗಲೆಲ್ಲ ಪಕ್ಕದಲ್ಲಿ ಕುಳಿತಿದ್ದ ಹೂವಪ್ಪ ಹಳೆಯ ಅಭ್ಯಾಸದಂತೆ ಅವಳ ಭುಜ ಹಿಡಿಯುತ್ತಿದ್ದ.

"ಬಿಡಿ ಮಾರಾಯ್ರೆ, ಬುಟ್ಟಿಯೇ ಅಲುಗುವುದಿಲ್ಲ. ನನ್ನನ್ನು ಎಂತಕ್ಕೆ ಹಿಡಿಯುವುದು?" ಎಂದಳು ಸರಸಕ್ಕ. ಅವನು ಬಿಡಲಿಲ್ಲ.

ಬಂಧುಗಳೇ, ನಿಮ್ಮ ಊರಲ್ಲಿ ಕಾಂಕ್ರೀಟು ರಸ್ತೆ ಆಗುವಾಗ ಸಂದಿನಲ್ಲಿ ಸರಳು ಉಂಟಾ ಎಂದು ಕೇಳಿ. ಇಟ್ಟ ಸರಳನ್ನು ಅಲುಗಿಸಬೇಡಿ, ಗ್ರೀಸ್ ಒರೆಸಬೇಡಿ. ಸಂದಿನ ಅಂಟು ಕಿತ್ತುಹೋದರೆ ನೀವೇ ಸಿಮೆಂಟು ಮೆತ್ತದೆ, ಪಂಚಾಯತಿಗೆ ತಿಳಿಸಿ. ಆ ರಸ್ತೆಯಲ್ಲಿ ನಾಳೆ ಹೋಗುವುದು ನಮ್ಮ ಮನೆಯವರೇ ಅಲ್ವಾ?