ಕಾವೇರಮ್ಮನ ಪದಕ್ಕೊಂದು ಕಿಟಕಿ

ರೇಷ್ಮೆ ಹುಳು ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಯಾರ ಕಾಲಿನಲ್ಲಿ ಯಾವ ರೋಗ ಬರುತ್ತದೋ ಬಲ್ಲವರಾರು. ಬೈರಾಪಟ್ಟಣದ ಕಾವೇರಮ್ಮ ಈ ಕಟ್ಟಳೆಯನ್ನು ಅತ್ತೆಯಿಂದ ಕಲಿತವಳು. ಈಗ ತಾನು ಕಟ್ಟಿದ ಪದಕ್ಕೂ ಅದೇ ಕಟ್ಟಳೆ ಹಾಕಿ ಕೂತಿದ್ದಳು.

ಹುಳುವಿಗೆ ಸೊಪ್ಪು ಹಾಕುತ್ತಾ ಬಾಯಿಗೆ ಬಂದ ಪದ ಅದು:

“ಜ್ವರಕ್ಕೆ ಕೂತ ಕೂಸಿಗೆ ಸೊಪ್ಪ ಹಾಕಬ್ಯಾಡವ್ವ,
ಸುಣ್ಣವ ಧೂಳಿಸಿ ಸುಮ್ಕಿರವ್ವ.”

ಹುಳು ಪೊರೆ ಬಿಡಲು ಮಲಗುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಆಗ ಮೇವು ಹಾಕಿದರೆ ಹುಳು ಕೆಟ್ಟಿತೆಂದೇ ಲೆಕ್ಕ.

ತಂಗಿಯ ಮಗಳು ದಿವ್ಯ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಆ ಪದವನ್ನು ಫೋನಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ್ದಳು. ಯಾವುದೋ ತಂಡ ಅದನ್ನೇ ಹಾಡಿ ‘ನಮ್ಮ ರಚನೆ’ ಎಂದು ಹಾಕಿಕೊಂಡಿತು. ಅಂದಿನಿಂದ ಕಾವೇರಮ್ಮನಿಗೆ ದೇವರ ಮುಂದೆ ದೀಪ ಹಚ್ಚುವಾಗಲೂ ಒಂದೇ ದಿಗಿಲು. ನಾಳೆ ನನ್ನ ಮನೆಯಲ್ಲೇ ನನ್ನ ಪದ ಹಾಡಬೇಡ ಎಂದರೆ?

ಅಷ್ಟರಲ್ಲಿ ಮರಳವಾಡಿಯ ಮಹಿಳಾ ಸಂಘದ ಭಾನುಪ್ರಿಯ ಫೋನ್ ಮಾಡಿದಳು.

“ಕಾವೇರಕ್ಕ, ನಮ್ ಸಂಘದೋರು ಹೊಸದಾಗಿ ಹುಳ ಸಾಕ್ತಾವ್ರೆ. ಒಬ್ಳು ಜ್ವರದಾಗೇ ಸೊಪ್ಪು ಸುರಿದ್ಬುಟ್ಟು ಅರ್ಧ ಹುಳ ಹೋದ್ವು. ನಿಮ್ ಪದ ಅಚ್ಚಾಕ್ಸಿ ಮನೆಮನೆಗೂ ಅಂಟಿಸ್ಬೇಕು. ಕಟ್ಟಿದೋರ ಒಪ್ಪಿಗೆ ಇಲ್ದೆ ಆಗಕಿಲ್ಲ ಅಂತಾರೆ ಪ್ರೆಸ್ಸಿನೋರು. ಉಳಿದೋರ ಹುಳ ನಾಳೆ ಜ್ವರಕ್ಕೆ ಕೂರ್ತವೆ ಕಣಕ್ಕ.”

“ಒಸಿ ಯೋಚ್ನೆ ಮಾಡಿ ಹೇಳ್ತೀನಿ ತಾಯಿ,” ಎಂದು ಕಾವೇರಮ್ಮ ಫೋನಿಟ್ಟಳು.

“ನಿಮ್ ದೊಡ್ಡಮ್ಮ ಪದಕ್ಕೂ ಬೀಗ ಹಾಕ್ಬುಟ್ಟವ್ಳೆ ಕಣಮ್ಮಿ. ಕೀಲಿ ಸೊಂಟದಾಗೈತಾ ನೋಡು,” ಎಂದು ಗಂಡ ಕೃಷ್ಣಪ್ಪ ಅಲ್ಲೇ ಕೂತಿದ್ದ ದಿವ್ಯಳಿಗೆ ಹೇಳಿ ನಕ್ಕ.

ದಿವ್ಯ ನಗಲಿಲ್ಲ. “ದೊಡ್ಡಮ್ಮ, ಕಟ್ಟಿದ ಗಳಿಗೆಯಿಂದ್ಲೇ ಪದದ ಹಕ್ಕು ನಿಂದು. ಕಾಪಿರೈಟ್ ಅಂತಾರೆ. ಪದದ ಕೆಳಗೆ ಅನುಮತಿ ಏನೂ ಬರೀದೆ ಬುಟ್ರೆ ಬಾಗಿಲು ಮುಚ್ಚಿದಂಗೆ. ಆದ್ರೆ ಕದಿಯೋನು ಬಾಗಿಲು ತಟ್ತಾನಾ? ತಟ್ಟಿ ಕೇಳೋರೇ ಹೊರಗೆ ನಿಂತವ್ರೆ.”

“ಹಂಗಂತ ಬಾಗಿಲು ತೆಗೆದು ಎಲ್ರೂ ಬನ್ನಿ ಅನ್ನಕಾಯ್ತದಾ?”

“ಹುಳದ ಮನೆಗೆ ಗಾಳಿ ಬ್ಯಾಡ್ವಾ? ಹುಳ ಕೊಲ್ಲೋ ಊಜಿ ನೊಣ ಬರ್ದಂಗೆ ಕಿಟಕಿಗೆ ಬಲೆ ಹೊಡ್ದಿದ್ದೀಯಲ್ಲ, ಹಂಗೇ ಇದು. ಮುಕ್ತ ಪರವಾನಗಿ ಅಂತ. ಯಾರು ಬೇಕಾದ್ರೂ ಹಾಡ್ಲಿ, ಅಚ್ಚಾಕ್ಲಿ, ಸಾಲು ಸೇರಿಸ್ಲಿ. ಆದ್ರೆ ನಿನ್ ಹೆಸ್ರು ಹಾಕ್ಬೇಕು, ಬದಲಾಯಿಸಿದ್ರೆ ಹೇಳ್ಬೇಕು, ಅವರು ಸೇರಿಸಿದ್ದನ್ನೂ ಇದೇ ಷರತ್ತಲ್ಲಿ ಎಲ್ರಿಗೂ ಬಿಡ್ಬೇಕು. ಹಕ್ಕು ನಿನ್ನತ್ರಾನೇ ಇರ್ತದೆ.”

“ಹೆಸ್ರು ಹಾಕ್ದಿದ್ರೆ?”

“ಅವರಿಗೆ ಅನುಮತಿನೇ ಇಲ್ಲ. ಕೇಳೋ ಹಕ್ಕು ನಿಂಗೈತೆ.”

“ಭಾನುಪ್ರಿಯಂಗೆ ಮಾತ್ರ ಹೂಂ ಅಂದ್ರೆ ಸಾಲ್ದಾ?”

“ಅವಳಿಗೆ ಸಾಕು. ನಾಳೆ ಮಾಗಡಿಯೋರು ಕೇಳಿದ್ರೆ? ಹುಳದ ಮನೇಲಿದ್ರೆ ನೀನು ಫೋನೇ ಎತ್ತಕಿಲ್ಲ. ಆದ್ರೆ ಒಂದು ಮಾತು ದೊಡ್ಡಮ್ಮ. ಒಂದ್ಸಲ ಕೊಟ್ಟಿದ್ದು ವಾಪಸ್ ತಗಳಕಾಗಲ್ಲ. ಯೋಚ್ನೆ ಮಾಡೇ ಹೇಳು.”

ಕಾವೇರಮ್ಮ ದೇವರ ಗೂಡಿನತ್ತ ನೋಡಿದಳು. ದೀಪ ಸಣ್ಣಗೆ ಉರಿಯುತ್ತಿತ್ತು. ಈ ಪದ ತನ್ನ ಬಾಯಿಗಾದರೂ ಎಲ್ಲಿಂದ ಬಂತು? ಕೊಟ್ಟವಳು ಗೂಡಿನಲ್ಲಿ ಕೂತ ಆ ದೇವಿ. ಅವಳು ಕೊಡುವಾಗ ಬಾಗಿಲು ಹಾಕಿಕೊಂಡಿರಲಿಲ್ಲ. ಮರಳವಾಡಿಯ ತಟ್ಟೆಗಳಲ್ಲಿ ತಲೆ ಎತ್ತಿ ಮಲಗಲಿರುವ ಹುಳುಗಳು ಕಣ್ಣಿಗೆ ಕಟ್ಟಿದವು.

“ಹಾಕಮ್ಮಿ,” ಎಂದಳು.

ದಿವ್ಯ ಹಾಡಿನ ಕೆಳಗೆ ಬರೆದಳು: ‘ರಚನೆ: ಕಾವೇರಮ್ಮ, ಬೈರಾಪಟ್ಟಣ. ಕ್ರಿಯೇಟಿವ್ ಕಾಮನ್ಸ್ ಮುಕ್ತ ಪರವಾನಗಿ. ಹೆಸರು ಹೇಳಿ, ಇದೇ ಷರತ್ತಿನಲ್ಲಿ ಹಂಚಿ.’ ಭಾನುಪ್ರಿಯಳಿಗೆ ಕೂಡಲೇ ಸುದ್ದಿ ಕಳಿಸಿದಳು. ಪದ ತಮ್ಮದೆಂದಿದ್ದ ಆ ತಂಡಕ್ಕೂ ಹೆಸರು ಹಾಕಿರೆಂದು ಬರೆದಳು. ಅವರ ಉತ್ತರ ಇನ್ನೂ ಬಂದಿಲ್ಲ.

ಮರುದಿನ ಮರಳವಾಡಿಯಿಂದ ಫೋನಿನಲ್ಲಿ ಹೆಂಗಸರ ದನಿ ಬಂತು. ಮೊದಲು ಕಾವೇರಮ್ಮನ ಹೆಸರು, ಆಮೇಲೆ ಪದ. ಕೊನೆಗೆ ಅವರೇ ಸೇರಿಸಿದ ಸಾಲು:

“ಕಿಟಕಿಯ ಬಲೆ ಎಲ್ಲಿ ಹರಿದೈತೆ ನೋಡವ್ವ,
ಊಜಿ ಬರೋ ಮುಂಚೆ ಹೊಲಿಯವ್ವ.”

ಕಾವೇರಮ್ಮ ಎದ್ದು ತನ್ನ ಹುಳುಮನೆಯ ಕಿಟಕಿ ನೋಡಿದಳು. ಮೂಲೆಯಲ್ಲಿ ಬೆರಳು ತೂರುವಷ್ಟು ಬಲೆ ಹರಿದಿತ್ತು. ಸೂಜಿ ದಾರ ತಂದಳು.

ತಾಯಂದಿರೇ, ಅಣ್ಣಂದಿರೇ, ನೀವು ಕಟ್ಟಿದ ಪದ, ಬರೆದ ಪಾಠ, ಬಿಡಿಸಿದ ಚಿತ್ರ ನಾಲ್ಕು ಜನಕ್ಕೆ ಆಗಲಿ ಎಂದಿದ್ದರೆ ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಯೋಚಿಸಿ, ನಿಮ್ಮದೇ ಆದದ್ದರ ಕೆಳಗೆ ಆ ಅನುಮತಿ ಬರೆಯಿರಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಎಲ್ಲೋ ಒಬ್ಬರು ನಿಮ್ಮ ಒಪ್ಪಿಗೆಗೆ ಕಾಯುತ್ತಿರಬಹುದು. ಅವರ ಮನೆಯ ಹುಳು ಕಾಯುವುದಿಲ್ಲ.