ಮೂವತ್ತನಾಲ್ಕು ಮೀಟರ್

"ಮೂರೂವರೆ ತೋರಿಸ್ತಿದೆ ಗುರು," ಎಂದ ಸುನಿಲ್, ಶಿವಪುತ್ರನ ಕೈಗೆ ಕಟ್ಟಿದ್ದ ತನ್ನ ಗಡಿಯಾರ ನೋಡುತ್ತ. "ಕಿಲೋಮೀಟರಿಗೆ ಮೂರೂವರೆ ನಿಮಿಷ. ಭಾನುವಾರ ಇದು ಸಾಲಲ್ಲ."

ಶಿವಪುತ್ರ ಏದುಸಿರು ಬಿಡುತ್ತಲೇ ಕೈ ಎಳೆದುಕೊಂಡ. ವಿಮಾನಪುರದ ಈ ಮರಗಳ ರಸ್ತೆಯಲ್ಲಿ ಅಳೆದು ಎರಡು ಬಿಳಿ ಗೆರೆ ಹಾಕಿದವನು ಅವನೇ. ನಡುವೆ ಸರಿಯಾಗಿ ಒಂದು ಕಿಲೋಮೀಟರ್. ಇವತ್ತು ಗೆರೆಯಿಂದ ಗೆರೆಗೆ ಐದು ಸಲ ಓಡಿ ಹದಿನಾರು ನಿಮಿಷ ಐವತ್ತೈದು ಸೆಕೆಂಡಿಗೆ ಮುಗಿಸಿದ್ದ. ಗಡಿಯಾರದ ವೇಗದಲ್ಲಾದರೆ ಅದು ಹದಿನೇಳೂವರೆ ನಿಮಿಷ. ಭಾನುವಾರದ ಆಯ್ಕೆಯಲ್ಲಿ ಐದು ಕಿಲೋಮೀಟರನ್ನು ಹದಿನೇಳು ನಿಮಿಷದೊಳಗೆ ಓಡಿದವನಿಗೆ ಕಾರ್ಖಾನೆಯೊಂದರ ತಂಡದಲ್ಲಿ ಜಾಗ, ಜೊತೆಗೆ ಕಾಯಂ ಕೆಲಸ. ಕೇಬಲ್ ಹಾಕಲು ರಸ್ತೆ ಅಗೆಯುವ ಈಗಿನ ಕೂಲಿಗೆ ಅಂದೇ ಕೈಮುಗಿಯಬಹುದಿತ್ತು.

ಗಡಿಯಾರವನ್ನು ಸುನಿಲನ ಭಾವ ಸಿಂಗಪುರದಿಂದ ತಂದುಕೊಟ್ಟಿದ್ದ. ಉಪಗ್ರಹ ನೋಡಿ ಅಳೆಯುತ್ತದಂತೆ. ಮರದಡಿ ಬಂದರೆ ಅದಕ್ಕೆ ತಲೆ ಕೆಡುತ್ತದೆ, ಕ್ಷಣಕ್ಕೊಂದು ವೇಗ ಹೇಳುತ್ತದೆ ಎಂದು ಸುನಿಲನೇ ಒಪ್ಪಿದ್ದ. ಒಟ್ಟು ಲೆಕ್ಕ ಮಾತ್ರ ಅಷ್ಟು ತಪ್ಪುವುದಿಲ್ಲ ಅಂದಿದ್ದ. ಶಿವಪುತ್ರನ ಅನುಮಾನ ಶುರುವಾದದ್ದೇ ಅಲ್ಲಿಂದ. ಸುನಿಲನ ಚಿಕ್ಕಪ್ಪನ ಮಗನೂ ಅದೇ ಆಯ್ಕೆಗೆ ಬರುವವನಿದ್ದ. ಇಲ್ಲದಿದ್ದರೆ ಹತ್ತು ಮನೆ ಬಾಡಿಗೆಗೆ ಕೊಟ್ಟವರ ಮಗ ತನ್ನಂಥ ಬಾಡಿಗೆ ಕೋಣೆಯವನಿಗೆ ಇಂಥ ವಸ್ತು ಕಟ್ಟಿಕೊಳ್ಳಲು ಕೊಡುವುದುಂಟೇ? ತನ್ನ ಧೈರ್ಯ ಕೆಡಿಸಲು ಏನೋ ಒತ್ತಿ, ಏನೋ ತಿರುಚಿ ಇಟ್ಟಿದ್ದಾನೆ.

ಮನೆಗೆ ಬಂದು ಹೆಂಡತಿಯ ಮುಂದೆ ಇದನ್ನೆಲ್ಲ ಕಕ್ಕಿದ. ಲಕ್ಷ್ಮಿದೇವಿ ಬಾಗಿಲಿಗೆ ಪರದೆ ಕಟ್ಟುತ್ತಿದ್ದಳು. ಅವನು ಕೆಲಸದಿಂದ ತಂದಿಟ್ಟಿದ್ದ ಮೂವತ್ತು ಮೀಟರಿನ ಟೇಪಿನಲ್ಲೇ ನಿನ್ನೆ ಬಾಗಿಲು ಅಳೆದು, ಶಿವಾಜಿನಗರಕ್ಕೆ ಹೋಗಿ ಬಟ್ಟೆ ತಂದಿದ್ದಳು. ಪರದೆ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿತ್ತು.

"ಅವರ ಗಡಿಯಾರ ಇರ್ಲಿ," ಎಂದಳು. "ಮೊದಲ ನಿಮ್ಮ ಟೇಪ್ ನೋಡ್ರಿ. ಬಾಗಿಲಕ್ಕಿಂತ ಅರಿಬಿ ಒಂದು ಮೀಟರ್ ಹೆಚ್ಚಾಗೇದ."

ಶಿವಪುತ್ರ ಟೇಪ್ ಎಳೆದ. ಎಂದೋ ತುದಿ ಹರಿದಿದ್ದಕ್ಕೆ ತಂತಿಯಿಂದ ಉಂಗುರ ಕಟ್ಟಿದ್ದರು. ಉಂಗುರದ ಪಕ್ಕದ ಮೊದಲ ಅಂಕಿ ಒಂದು. ಅದಕ್ಕೂ ಹಿಂದಿನ ಮೀಟರ್ ಇರಲೇ ಇಲ್ಲ. ಕೆಲಸದಲ್ಲಿ ಅವನು ಯಾವಾಗಲೂ ಉಂಗುರ ಹಿಡಿಯುವವನು. ಆ ತುದಿಯಲ್ಲಿ ಅಂಕಿ ಓದುತ್ತಿದ್ದವನು ಮೇಸ್ತ್ರಿ ಭಗವಂತರಾಯ, ಮನಸ್ಸಿನಲ್ಲೇ ಒಂದು ಕಳೆದು ಬರೆದುಕೊಳ್ಳುತ್ತಿದ್ದ. ಇದೇ ಟೇಪಿನಲ್ಲಿ ಅಳೆದು ರಸ್ತೆಗೆ ಗೆರೆ ಹಾಕಿದ ದಿನ ಉಂಗುರ ಹಿಡಿದದ್ದು ಗೆಳೆಯ ದುರ್ಗೇಶ, ಓದಿದ್ದು ತಾನು. ಒಟ್ಟು ಮೂವತ್ತನಾಲ್ಕು ಸಲ ಟೇಪ್ ಹಾಸಿದ್ದರು, ಸಲಕ್ಕೊಂದು ಮೀಟರ್ ಕಡಿಮೆ. ಗಡಿಯಾರ ಹೇಳಿದ್ದೇ ಸರಿ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಮರುದಿನ ಬೆಳಿಗ್ಗೆ ಹಳೆಯ ಗೆರೆಯಾಚೆ ಮೂವತ್ತನಾಲ್ಕು ಮೀಟರ್ ಅಳೆದು ಹೊಸದೊಂದು ಗೆರೆ ಎಳೆದ. ಬಣ್ಣ ಆರುವ ಮೊದಲೇ ಸುನಿಲ್ ಬಂದ. ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ನೋಡಿದ. ಶಿವಪುತ್ರ ಕೈ ಮುಂದೆ ಚಾಚಿದ. ಸುನಿಲ್ ಗಡಿಯಾರ ಕಟ್ಟಿದ.

ಶಿವಪುತ್ರ ಜೀವ ಬಿಟ್ಟು ಓಡಿದ. ಹಳೆಯ ಗೆರೆ ಬಂದಾಗ ಕಾಲುಗಳು ರೂಢಿಯಂತೆ ತಾವಾಗಿಯೇ ಸಡಿಲಾದವು. ಹೊಸ ಗೆರೆ ಇನ್ನೂ ಮುಂದೆ, ಮರದ ನೆರಳಿನಲ್ಲಿ, ಹಸಿಯಾಗಿಯೇ ಇತ್ತು.