ದರ್ಜಿಯ ಕೊರಳಿನ ಬಿಲ್ಲೆ

ಇಸ್ತ್ರಿಯಜ್ಜನಿಗೆ ಈ ವಯಸ್ಸಿನಲ್ಲಿ ಪ್ರೇಮಜ್ವರ ಬಂದಿತ್ತು, ಅದೂ ಸ್ವಂತ ಹೆಂಡತಿಯ ಮೇಲೆ! ಹೆಗಲ ಕೆಳಗೆ ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ಮೇಲೆ ಅವನು ಇಳಿದುಹೋಗಿದ್ದ, ಅಂಗಿಗಳೆಲ್ಲ ಜೋಲುತ್ತಿದ್ದವು. ಹೆಂಡತಿ ದರ್ಜಿ. ಅಂಗಡಿಯ ಆ ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ, ಈ ಮೂಲೆಯಲ್ಲಿ ಅವನ ಇಸ್ತ್ರಿ ಮೇಜು. ಗಿರಾಕಿಗಳಿಲ್ಲದ ಮಧ್ಯಾಹ್ನ ಅವಳು ಅಳತೆ ಟೇಪು ಹಿಡಿದು ಅವನ ಬೆನ್ನ ಸುತ್ತ ಕೈ ಹಾಯಿಸಿದರೆ ಸಾಕು, ಎದೆ ಓಡತೊಡಗುತ್ತಿತ್ತು. ಬೀದಿಯ ಸದ್ದು ಎತ್ತಲೋ ಸರಿದು, ಹಬೆಯಲ್ಲಿ ಗೋಡೆಗಳು ಕರಗಿ, ಮದುವೆಯಾದ ಹೊಸತರ ಯಾವುದೋ ಸಂಜೆ ಮೆಲ್ಲಗೆ ಒಳಗೆ ಬರುತ್ತಿತ್ತು. ಅವಳು ಸರಿದರೆ ಎದೆ ಮತ್ತೆ ತಣ್ಣಗೆ.

"ಇನ್ನೊಂದ್ಸಲ ಅಳತೆ ತಗೋ, ತಪ್ಪಿರಬಹುದು."

"ನಿಮ್ಮೆದೆ ಏನ್ರೀ, ದಿನಾ ಬೆಳೆಯುತ್ತಾ?" ಎಂದು ಅವಳು ನಗುತ್ತಿದ್ದಳು.

ಹೆಂಡತಿಯ ಜೊತೆ ತಪಾಸಣೆಗೆ ಹೋದಾಗ ಅಜ್ಜ ನರ್ಸಮ್ಮನೆದುರು ಜಂಬ ಕೊಚ್ಚಿದ. "ನೀವು ಹೇಳಿದ ಹಾಗೆ ಫೋನನ್ನೂ ಎದೆ ಹತ್ರ ಇಟ್ಕೊಳ್ಳಲ್ಲ ಕಣಮ್ಮ. ಇವಳು ಹತ್ರ ಬಂದ್ರೆ ಮಾತ್ರ ಎದೆ ಓಡುತ್ತೆ."

ನರ್ಸಮ್ಮ ನಗಲಿಲ್ಲ, ದರ್ಜಿಯ ಕೊರಳನ್ನೇ ನೋಡಿದಳು. ಅಲ್ಲಿ ದಾರಕ್ಕೆ ಕಟ್ಟಿದ ಹಳೇ ಸ್ಪೀಕರಿನ ಬಿಲ್ಲೆ, ಅದರ ಮೈತುಂಬ ಸೂಜಿಗಳು. ಆಸ್ಪತ್ರೆಯಲ್ಲಿ ಮ್ಯಾಗ್ನೆಟ್‌ನಿಂದ ದೂರವಿರಿ ಎಂದಾಗ ಇಬ್ಬರಿಗೂ ಕಾರ್ಖಾನೆಯ ದೊಡ್ಡ ಯಂತ್ರಗಳು ಕಣ್ಣ ಮುಂದೆ ಬಂದಿದ್ದವೇ ಹೊರತು ಇದಲ್ಲ. ಇದು ಬರೀ ಸೂಜಿಗಳ ಮನೆ.

"ಇದೂ ಮ್ಯಾಗ್ನೆಟ್ಟೇ. ತೀರಾ ಹತ್ರ ಬಂದ್ರೆ ಪೇಸ್‌ಮೇಕರ್ ನಿಮ್ಮ ಹೃದಯ ನೋಡೋದು ಬಿಟ್ಟು ಒಂದೇ ವೇಗದಲ್ಲಿ, ಮಾಮೂಲಿಗಿಂತ ಜೋರಾಗಿ ಹೊಡೀತಾ ಹೋಗುತ್ತೆ. ದೂರ ಹೋದ್ರೆ ಸರಿಹೋಗುತ್ತೆ. ಆದ್ರೂ ಸಲಿಗೆ ಬೇಡ, ಒಂದು ಗೇಣಾದ್ರೂ ದೂರ ಇರ್ಲಿ."

ಅಜ್ಜನ ಪ್ರೇಮ ಠುಸ್ಸೆಂದಿತು. ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು.

ದರ್ಜಿ ಬಿಲ್ಲೆಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಆದರೆ ಅಂದಿನಿಂದ ತಾನೂ ದೂರವೇ ಉಳಿದಳು. ಅಂಗಿಯನ್ನು ಕೈ ಚಾಚಿ ಕೊಡುವಳು, ಮಗ್ಗುಲು ಬದಲಿಸಿ ಮಲಗುವಳು. ಕೊನೆಗೆ ಒಂದು ಮಧ್ಯಾಹ್ನ ಅಜ್ಜ ಇಸ್ತ್ರಿ ಆರಿಸಿ, ಅವಳ ಟೇಪನ್ನು ತಾನೇ ತಂದು ಅವಳ ಕೈಗಿಟ್ಟ.

"ಬಾರೇ. ಬಿಲ್ಲೆ ಅಲ್ಲಿದೆ, ನೀನು ಇಲ್ಲಿದೀಯ."

ಅವಳು ಅಂಜುತ್ತಲೇ ಬಂದು ಕೈ ಹಾಯಿಸಿದಳು. ಅಜ್ಜ ಕಣ್ಣು ಮುಚ್ಚಿ ಕಾದ. ಅವನ ಎದೆ ಅವಸರವಿಲ್ಲದೆ, ತನ್ನ ಪಾಡಿಗೆ ನಡೆಯುತ್ತಿತ್ತು. ಮುಗಿಯಿತು ಎಂದುಕೊಂಡ. ಅಷ್ಟರಲ್ಲಿ ಅಂಗಿಯ ಆಚೆಯಿಂದ ಯಾರೋ ಬಾಗಿಲು ಬಡಿದ ಹಾಗೆ ದಬದಬ ಸದ್ದು. ಅದು ಅವನದಲ್ಲ.

"ಏನೇ ಇದು, ಇಷ್ಟು ಜೋರು?"

"ನಂಗೆ ಯಾವತ್ತೂ ಹೀಗೇ," ಎಂದಳು ದರ್ಜಿ. "ನೀವು ಕೇಳಿಸ್ಕೊಂಡಿರಲಿಲ್ಲ ಅಷ್ಟೆ."